ನಮ್ಮೋರ ಮೊಬೈಲು, ನರಸಿಂಹಯ್ಯನ ಕಡ್ಡಿ

ನಮ್ಮ ಸಾರ್ ಹೊಸ ಮೊಬೈಲಿನ ಡಬ್ಬಿಯನ್ನು ರಾಹುಕಾಲದಲ್ಲಿ ಒಡೆಯುತ್ತಿರಲಿಲ್ಲ. ಕೊರಿಯರಿನವನು ಬೆಳಿಗ್ಗೆಯೇ ತಂದು ಕೊಟ್ಟಿದ್ದರೂ ಅಂದು ಶುಕ್ರವಾರವಾಗಿದ್ದರೆ ಹನ್ನೆರಡು ದಾಟುವವರೆಗೆ ಅದು ಮೇಜಿನ ಮೇಲೆ ಹಾಗೇ ಕೂತಿರಬೇಕು. ನಾವೆಲ್ಲ ಕೆಲಸ ಬಿಟ್ಟು ಅದರ ಸುತ್ತ ಸುಳಿದಾಡುತ್ತಿದ್ದೆವು. ಹನ್ನೆರಡಾದ ಮೇಲೆ ಸಾರ್ ಕೈ ತೊಳೆದು ಬಂದು, ಮೇಲಿನ ಪ್ಲಾಸ್ಟಿಕ್ಕನ್ನು ಹರಿಯದ ಹಾಗೆ ಬಿಡಿಸಿ, ಮಡಿಸಿ ಡ್ರಾಯರಿಗೆ ಹಾಕಿ, ಮೊಬೈಲಿಗೆ ಮೊದಲು ತಾವೇ ಬರೆದ ಒಂದು ಪ್ರೋಗ್ರಾಮು ತುಂಬುತ್ತಿದ್ದರು. ಅದು ಆ ದಿನದ ರಾಹುಕಾಲ, ಗುಳಿಕಕಾಲ, ಯಮಗಂಡಕಾಲ ತೋರಿಸುವ ಪ್ರೋಗ್ರಾಮು.

ಅದನ್ನು ಅವರು ಬರೆದದ್ದು ತಮ್ಮ ಕೈಗೆ ಸಿಕ್ಕ ಮೊಟ್ಟಮೊದಲ ಮೊಬೈಲಿಗೆ, ಕಲಿಯುವುದಕ್ಕೆಂದು. ಆಮೇಲೆ ಅದರ ಒಂದು ಸಾಲನ್ನೂ ಮುಟ್ಟಲಿಲ್ಲ. ಸಿಸ್ಟಂ ಹೊಸದಾದಾಗಲೆಲ್ಲ ಹಳೇ ಪ್ರೋಗ್ರಾಮು ಅದರಲ್ಲಿ ಓಡಬೇಕು, ಅದೇ ಅವರ ಪರೀಕ್ಷೆ. ಪರದೆಯ ಮೇಲೆ ರಾಹುಕಾಲ ಸರಿಯಾಗಿ ಮೂಡಿದರೆ ಮನೆಯಿಂದ ತಂದಿಟ್ಟ ಕೊಬ್ಬರಿ ಮಿಠಾಯಿಯ ಡಬ್ಬಿ ಹೊರಗೆ ಬರುತ್ತಿತ್ತು. ಮಿಠಾಯಿ ಹಂಚುತ್ತ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: “ನೋಡಿದ್ರಾ, ನಮ್ಮೋರು ಹಳಬರನ್ನ ಕೈ ಬಿಡಲ್ಲ.”

ನಮ್ಮೋರು ಎಂದರೆ ಮಲ್ಲತ್ತಹಳ್ಳಿಯ ಅವರ ದಾಯಾದಿಗಳಲ್ಲ. ಮೊಬೈಲಿನೊಳಗಿನ ಆಪರೇಟಿಂಗ್ ಸಿಸ್ಟಂ ಮಾಡುತ್ತಿದ್ದ ಹೊರದೇಶದ ಒಂದು ಭಾರಿ ಕಂಪನಿ. ಕಂಪ್ಯೂಟರಿನಲ್ಲಿ ಹೆಸರು ಮಾಡಿ, ಆ ಬಲದ ಮೇಲೆ ಮೊಬೈಲಿಗೂ ಕೈ ಹಾಕಿತ್ತು. ಆ ಕಂಪನಿಯಲ್ಲಿ ಯಾರಿಗೂ ನಮ್ಮ ಸಾರ್ ಯಾರೆಂದು ಗೊತ್ತಿರಲಿಲ್ಲ. ಸಾರ್‌ಗೆ ಮಾತ್ರ ಅವರು ಬೀಗರಿಗಿಂತ ಹತ್ತಿರ. ಅವರ ಸಿಸ್ಟಂ ಕೆಟ್ಟು ನಿಂತರೆ ನಾವು ಬೈಯುತ್ತಿದ್ದೆವು, ಸಾರ್ ಅವರ ಪರ ವಹಿಸಿ ನಮಗೆ ಸಮಾಧಾನ ಹೇಳುತ್ತಿದ್ದರು. ನಾನಿಲ್ಲಿ ಕಂಪನಿಯ ಹೆಸರನ್ನೂ ಬರೆಯುವುದಿಲ್ಲ, ಸಾರ್ ಹೆಸರನ್ನೂ ಬರೆಯುವುದಿಲ್ಲ. ಬರೆದರೆ, ನನ್ನ ಮರ್ಯಾದೆ ಹೋದ್ರೆ ಹೋಗ್ಲಿ, ಅವರದ್ಯಾಕಮ್ಮ ತೆಗೀತೀಯ ಎನ್ನುವಂಥ ಮನುಷ್ಯ.

ಕಳೆದ ತಿಂಗಳು ಸಾರ್ ತೀರಿಕೊಂಡರು.

ನಾನು ಅವರ ಹತ್ತಿರ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ದಶಕದ ನಡುಭಾಗದಲ್ಲಿ. ಬಸವೇಶ್ವರನಗರದ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ದೂರ. ರಾಜಾಜಿನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿ ನಮ್ಮ ಆಫೀಸು. ಗಿರಣಿ ಶುರುವಾದರೆ ನೆಲ ಅದುರುತ್ತಿತ್ತು. ಮೆಣಸಿನಪುಡಿ ಮಾಡಿಸುವ ದಿನ ಎಲ್ಲರೂ ಕೀಬೋರ್ಡಿನ ಮೇಲೆ ಸೀನುತ್ತಿದ್ದೆವು. ಇಂಟರ್ವ್ಯೂಗೆ ಹೋದಾಗ ಸಾರ್ ಮೊದಲು ಕೇಳಿದ್ದು ತಿಂಡಿ ಆಯ್ತೇನಮ್ಮ ಅಂತ. ಆಯಿತು ಎಂದೆ. ಏನು ತಿಂಡಿ ಎಂದರು. ಉಪ್ಪಿಟ್ಟು ಎಂದೆ. ಅಯ್ಯೋ ಪಾಪ ಎಂದು, ಬ್ಯಾಗಿನಿಂದ ಎರಡು ಸೀಬೆಹಣ್ಣು ತೆಗೆದುಕೊಟ್ಟು, ಅದನ್ನು ತಿನ್ನುತ್ತಲೇ ಒಂದೆರಡು ಪ್ರಶ್ನೆಗಳಿಗೆ ಉತ್ತರ ಹೇಳಿಸಿ, ನಾಳೆಯಿಂದ ಬನ್ನಿ ಎಂದರು. ಬಾಯ್ತುಂಬ ಹಣ್ಣಿದ್ದದ್ದರಿಂದ ಸಂಬಳ ಎಷ್ಟು ಎಂದು ಕೇಳುವುದೇ ನನಗೆ ಮರೆತುಹೋಯಿತು.

ಆ ಸೀಬೆಹಣ್ಣು ಅವರ ಹಿತ್ತಲಿನದು. ಮಲ್ಲತ್ತಹಳ್ಳಿಯ ಹಳೇ ಒಕ್ಕಲು ಮನೆತನ. ಹೊಲವೆಲ್ಲ ಲೇಔಟಿಗೆ ಹೋಗಿ ಮನೆಯ ಹಿಂದೆ ನಾಲ್ಕು ಸೀಬೆಗಿಡ, ಒಂದಿಷ್ಟು ಅವರೆ ಉಳಿದಿತ್ತು. ಅಣ್ಣಂದಿರು ಬಾಡಿಗೆ ಮನೆ ಕಟ್ಟಿಸಿ ಕಾಲು ಮೇಲೆ ಕಾಲು ಹಾಕಿ ಕೂತರೆ, ಇವರು ಟೆಲಿಫೋನ್ ಇಲಾಖೆಯ ಎಂಜಿನಿಯರ್ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು ಮೊಬೈಲಿಗೆ ಸಾಫ್ಟ್‌ವೇರ್ ಮಾಡುವ ಕಂಪನಿ ತೆಗೆದರು. ಅಣ್ಣಂದಿರು ಇವರನ್ನು ಹುಚ್ಚ ಎನ್ನುತ್ತಿದ್ದರು. ಇವರು ಹೌದೌದು ಎಂದು ನಗುತ್ತಿದ್ದರು.

ಒಮ್ಮೆ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಹಳೆಯ ಮನೆಯನ್ನು ಕೆಡವದೆ ಅದರ ಮೇಲೆಯೇ ಹೊಸ ಕೋಣೆಗಳನ್ನು ಎಬ್ಬಿಸಿದ್ದರು. ಒಳಗೆ ಹೋಗಲು ದನದ ಕೊಟ್ಟಿಗೆ ಹಾಯಬೇಕು. ದನಗಳಿರಲಿಲ್ಲ, ಅವರ ಸ್ಕೂಟರು ನಿಂತಿತ್ತು. ಗೋದಲಿಯಲ್ಲಿ ಹುಲ್ಲಿನ ಬದಲು ಹೆಲ್ಮೆಟ್ಟು. ಬಾಗಲಕೋಟೆಯಿಂದ ಬಂದು ನಮ್ಮಲ್ಲಿ ಪ್ರೋಗ್ರಾಮರ್ ಆಗಿದ್ದ ಬಸವರಾಜ, ಇದನ್ನೆಲ್ಲ ಕೆಡವಿ ಒಂದೇ ಸಲ ಹೊಸದು ಕಟ್ಟಿಸಬೇಕಿತ್ತಲ್ರೀ ಸರ್ ಎಂದ. ಸಾರ್ ಗೋದಲಿಯ ಅಂಚು ತಟ್ಟಿ ಹೇಳಿದರು: “ಪಾಯ ಗಟ್ಟಿ ಇದ್ರೆ ಕೆಡವಬಾರದು ಕಣಪ್ಪ. ಮೇಲೆ ಕಟ್ಕೋಬೇಕು. ನಮ್ಮೋರು ಮಾಡ್ತಾ ಇರೋದೂ ಅದೇ.”

ಆ ಕಾಲದ ನಮ್ಮೋರ ಮೊಬೈಲನ್ನು ಕಂಡವರಿಗೆ ನೆನಪಿರಬೇಕು. ಕಂಪ್ಯೂಟರಿನ ಪರದೆಯನ್ನೇ ಕುಗ್ಗಿಸಿ ಅಂಗೈಗೆ ಕೊಟ್ಟ ಹಾಗಿತ್ತು. ಮೂಲೆಯಲ್ಲಿ ಅದೇ ಮೆನು, ಮೆನುವಿನೊಳಗೆ ಮೆನು, ಇರುವೆಯಷ್ಟು ಅಕ್ಷರ. ಬೆರಳಿನಿಂದ ಒತ್ತಿದರೆ ಒಂದರ ಬದಲು ಮೂರು ಒತ್ತಿಹೋಗುತ್ತಿತ್ತು. ಅದಕ್ಕೇ ಬೆನ್ನಿನಲ್ಲಿ ಒಂದು ಪ್ಲಾಸ್ಟಿಕ್ಕಿನ ಕಡ್ಡಿ ಸಿಕ್ಕಿಸಿ ಕೊಡುತ್ತಿದ್ದರು, ಅದರಿಂದ ಚುಚ್ಚಬೇಕು. ಸಾರ್ ಆ ಕಡ್ಡಿಯನ್ನು ಶರಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಎಷ್ಟೋ ಸಲ ಪೆನ್ನೆಂದುಕೊಂಡು ಕಡ್ಡಿಯಿಂದಲೇ ಚೆಕ್ಕಿಗೆ ಸಹಿ ಮಾಡಿ, ಅಕ್ಷರ ಮೂಡದ್ದು ಕಂಡು ಕೊಡವಿ ಮತ್ತೆ ಸಹಿ ಮಾಡುತ್ತಿದ್ದರು. ನಾವು ಹೇಳದೆ ನೋಡುತ್ತಿದ್ದೆವು, ಅಷ್ಟು ಮಜ ಬಿಡುವವರು ಯಾರು.

ನಮ್ಮ ಹೊಟ್ಟೆ ತುಂಬಿಸುತ್ತಿದ್ದದ್ದು ಮುಖ್ಯವಾಗಿ ಒಂದು ಊದುಬತ್ತಿ ಕಂಪನಿ. ಅವರ ಗೋಡೌನು ಬಿನ್ನಿಪೇಟೆಯಲ್ಲಿ. ಸೇಲ್ಸ್‌ಮನ್‌ಗಳು ಅಂಗಡಿ ಅಂಗಡಿಗೆ ಹೋಗಿ ಆರ್ಡರು ತರುತ್ತಿದ್ದರು. ಹೀಗೆ ಹೋಗುವುದಕ್ಕೆ ಅವರು ಲೈನು ಎನ್ನುತ್ತಾರೆ. ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ ಆರ್ಡರನ್ನು ಮೊಬೈಲಿನಲ್ಲೇ ಹಾಕುವಂತೆ ನಾವು ಸಾಫ್ಟ್‌ವೇರ್ ಮಾಡಿಕೊಟ್ಟೆವು.

ಸೇಲ್ಸ್‌ಮನ್‌ಗಳ ಪೈಕಿ ಎಲ್ಲರಿಗಿಂತ ಹಿರಿಯರು ನರಸಿಂಹಯ್ಯ. ಮಾಗಡಿ ರೋಡಿನ ಲೈನು ಅವರದು. ಕಾಮಾಕ್ಷಿಪಾಳ್ಯದಿಂದ ಶ್ರೀಗಂಧದ ಕಾವಲ್‌ವರೆಗೆ ಸೈಕಲ್ಲಿನ ಕಾಲದಿಂದ ತಿರುಗಿದವರು. ಯಾವ ಅಂಗಡಿಯವನು ಯಾವ ದೇವರ ಫೋಟೋ ಇಟ್ಟಿದ್ದಾನೆ, ಯಾವ ಪರಿಮಳದ ಬತ್ತಿ ಹಚ್ಚುತ್ತಾನೆ ಎಲ್ಲ ಬಾಯಲ್ಲೇ. ಮೊದಲ ದಿನ ಮೊಬೈಲು ಕೈಗೆ ಕೊಟ್ಟರೆ ಅದನ್ನು ಹಾಗೇ ಮೇಜಿನ ಮೇಲಿಟ್ಟುಬಿಟ್ಟರು. ಈಗ ಇದನ್ನು ಕಲಿಯುತ್ತೇನೆ, ನಾಳೆ ಇನ್ನೊಂದು ತರುತ್ತೀರಿ, ಆಗ ಈ ಮುದುಕನಿಗೆ ಬರುವುದಿಲ್ಲ ಎಂದು ಲೈನು ಕಿತ್ತುಕೊಳ್ಳುತ್ತೀರಿ ಎಂದು ನೇರವಾಗಿಯೇ ಹೇಳಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಊದುಬತ್ತಿ ಕಂಪನಿಯ ಯಜಮಾನರ ಮಗ ಆಗಲೇ ವಯಸ್ಸಾದವರನ್ನೆಲ್ಲ ಪ್ಯಾಕಿಂಗಿಗೆ ಕೂರಿಸುವ ಮಾತಾಡುತ್ತಿದ್ದ.

ಸಾರ್ ಅವರ ಎದುರು ಕುರ್ಚಿ ಎಳೆದುಕೊಂಡು ಕೂತರು.

“ಇದನ್ನ ಒಂದ್ಸಲ ಕಲ್ತ್‌ಬಿಡಿ ನರಸಿಂಹಯ್ಯನೋರೆ. ಇನ್ಮೇಲೆ ಎಂಥಾ ಹೊಸ ಮೆಷೀನ್ ಬಂದ್ರೂ ನೀವು ಕಲ್ತಿದ್ದು ಹಾಳಾಗಲ್ಲ. ನಮ್ಮೋರು ಹಂಗ್ ಮಾಡೋರಲ್ಲ.”

“ಯಾರೋ ದೂರದೋರ ಮಾತು ನಂಗ್ಯಾಕೆ ಸಾರ್. ನೀವು ಹೇಳಿ.”

“ನಾನೇ ಹೇಳ್ತಾ ಇದೀನಿ. ನನ್ ಮಾತಿದು.”

ನರಸಿಂಹಯ್ಯ ಮೊಬೈಲು ಕೈಗೆತ್ತಿಕೊಂಡರು. ನಾನು ಪಕ್ಕದಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡೆ. ಎಲ್ಲೋ ಸಮುದ್ರದಾಚೆ ಇರುವವರ ಪರವಾಗಿ ಬಿನ್ನಿಪೇಟೆಯಲ್ಲಿ ಕೂತು ಮಾತು ಕೊಡುವ ಧೈರ್ಯ ಯಾರಿಗಿರುತ್ತದೆ?

ಕೆಲವು ತಿಂಗಳಲ್ಲೇ ರಿಪೇರಿಗೆಂದು ಮೊಬೈಲುಗಳು ವಾಪಸು ಬರತೊಡಗಿದವು. ಪರದೆಯ ತುಂಬ ಗೀರು. ಬೆಕ್ಕು ಪರಚಿದೆಯೇನೋ ಎಂದು ನಾವು ತಮಾಷೆ ಮಾಡಿದೆವು. ವಿಚಾರಿಸಿದರೆ, ಕಂಪನಿಯ ಪ್ಲಾಸ್ಟಿಕ್ ಕಡ್ಡಿಗಳು ಮೊದಲ ವಾರದಲ್ಲೇ ಬಸ್ಸು, ಅಂಗಡಿ, ಚರಂಡಿಗಳ ಪಾಲಾಗಿದ್ದವು. ಊದುಬತ್ತಿ ಕಂಪನಿಯವರಿಗೆ ಕಡ್ಡಿಗೇನು ಬರ? ಮಸಾಲೆ ಮೆತ್ತುವ ಮೊದಲಿನ ಬಿದಿರಿನ ಬರಿ ಕಡ್ಡಿಗಳು ಗೋಡೌನಿನಲ್ಲಿ ಹೊರೆಹೊರೆ ಬಿದ್ದಿರುತ್ತಿದ್ದವು. ಒಂದೊಂದು ಹಿಡಿ ಜೇಬಿಗೆ ಹಾಕಿಕೊಂಡು ಎಲ್ಲರೂ ಅದರಿಂದಲೇ ಚುಚ್ಚುತ್ತಿದ್ದರು.

ಸಾರ್‌ಗೆ ಮೊದಲು ಸಿಟ್ಟು ಬಂತು, ಆಮೇಲೆ ಕೂತಲ್ಲೇ ಹೊಟ್ಟೆ ಹಿಡಿದು ನಕ್ಕರು. ಮಾರನೆಯ ದಿನ ಬೆಳಿಗ್ಗೆ ನರಸಿಂಹಯ್ಯನವರ ಜೊತೆ ತಾವೂ ಲೈನಿಗೆ ಹೋದರು. ಮಧ್ಯಾಹ್ನ ಮುಖ ಕೆಂಪಗೆ ಮಾಡಿಕೊಂಡು ಬಂದರು. ಒಂದು ಕೈಯಲ್ಲಿ ಸ್ಯಾಂಪಲ್ ಚೀಲ, ಇನ್ನೊಂದರಲ್ಲಿ ಮೊಬೈಲು, ಕಡ್ಡಿ ಹಿಡಿಯಲು ಮೂರನೇ ಕೈ ಇಲ್ಲ, ಬಿಸಿಲಿಗೆ ಪರದೆ ಕಾಣುವುದಿಲ್ಲ, ಅಂಗಡಿಯವನು ಗಿರಾಕಿ ಬಂದರೆ ಮಾತು ಅರ್ಧಕ್ಕೆ ಬಿಡುತ್ತಾನೆ, ಅಷ್ಟರಲ್ಲಿ ನಮ್ಮೋರ ಮೆನು ಮುಚ್ಚಿಹೋಗಿರುತ್ತದೆ ಎಂದೆಲ್ಲ ಹೇಳಿದರು. ಕೊನೆಗೆ ನೀರು ಕುಡಿದು ಅಂದರು: “ಅಪ್ಪನ ಅಂಗಿ ಕತ್ತರಿಸಿ ಮಗೂಗೆ ಹೊಲಿಸಿದಾರೆ ಕಣಮ್ಮ. ಗುಂಡಿನಾದ್ರೂ ದೊಡ್ಡದು ಬಿಡಬೇಕಿತ್ತು, ಅದನ್ನೂ ಚಿಕ್ಕದು ಮಾಡ್ಬಿಟ್ಟಿದಾರೆ.”

ನಮ್ಮೋರ ಬಗ್ಗೆ ಅವರ ಬಾಯಿಂದ ನಾನು ಕೇಳಿದ ಮೊದಲ ದೂರು ಅದು. ಹೇಳಿದ್ದಕ್ಕೆ ಪಶ್ಚಾತ್ತಾಪವಾದವರಂತೆ, ಪಾಪ ಅವರು ಮೇಜಿನ ಮುಂದೆ ಕೂತು ಮಾಡಿದ್ದು, ನಮ್ಮ ಮಾಗಡಿ ರೋಡು ಅವರೇನು ಬಲ್ಲರು ಎಂದು ತೇಪೆಯನ್ನೂ ಹಚ್ಚಿದರು. ಆಮೇಲೆ ನಮ್ಮ ಸಾಫ್ಟ್‌ವೇರಿನ ಪರದೆಗಳನ್ನೆಲ್ಲ ಹೊಸದಾಗಿ ಮಾಡಿಸಿದರು. ಮೆನುಗಳೆಲ್ಲ ಹೋದವು. ಒಂದೊಂದು ಬಟನ್ನೂ ಬೇಕರಿಯ ಬಿಸ್ಕತ್ತಿನ ಗಾತ್ರ. ಎಡಗಡೆ ಮೇಲೆ ಅಂಗಡಿ, ಅದರ ಕೆಳಗೆ ಬತ್ತಿ, ಬಲಗಡೆ ಕೆಳಗೆ ಆಯ್ತು. ಒತ್ತಿದರೆ ಟಕ್ ಎಂದು ಸದ್ದು. ನರಸಿಂಹಯ್ಯ ಸ್ವಲ್ಪ ದಿನದಲ್ಲೇ ಪರದೆಯ ಕಡೆ ಸರಿಯಾಗಿ ನೋಡದೆಯೂ ಆರ್ಡರು ಹಾಕತೊಡಗಿದರು. ಕಡ್ಡಿ ಮಾತ್ರ ಬಿಡಲಿಲ್ಲ. ಬೆರಳಿಗೆ ಮಸಾಲೆ ಅಂಟಿರುತ್ತೆ ಸಾರ್, ಮೆಷೀನ್ ಹಾಳಾಗುತ್ತೆ ಎನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಬಸವರಾಜ ಯಾರದೋ ಕೈಯಿಂದ ಹೊಸ ಬಗೆಯ ಮೊಬೈಲೊಂದನ್ನು ತಂದ. ಬೇರೆ ಕಂಪನಿಯದು. ಮುಂಭಾಗ ಪೂರ್ತಿ ಗಾಜು, ಬೆರಳು ಸವರಿದರೆ ಸಾಕು, ಪುಟ ನೀರಿನ ಹಾಗೆ ಸರಿಯುತ್ತಿತ್ತು. ಸಾರ್ ಅದನ್ನು ಹಿಂದೆ ಮುಂದೆ ತಿರುಗಿಸಿ, ಅಂಚಿನಲ್ಲೆಲ್ಲ ಉಗುರು ಆಡಿಸಿ, “ಇದ್ರಲ್ಲಿ ಕಡ್ಡಿ ಎಲ್ಲಿ ಇಟ್ಟಿದಾರೆ?” ಎಂದು ಕೇಳಿದರು. ಇದಕ್ಕೆ ಕಡ್ಡಿ ಇಲ್ರೀ ಸರ್ ಎಂದ ಬಸವರಾಜ. ಸಾರ್ ಬಹಳ ಹೊತ್ತು ಒಬ್ಬರೇ ಕೂತು ಅದರೊಂದಿಗೆ ಆಡಿದರು. ವಾಪಸು ಕೊಡುವಾಗ, ಚೆನ್ನಾಗಿದೆ, ಆಟಕ್ಕೆ ಚೆನ್ನಾಗಿದೆ, ಬೋಂಡ ತಿಂದ ಕೈಯಲ್ಲಿ ಇದನ್ನು ಯಾರು ಮುಟ್ಟುತ್ತಾರೆ, ನಮ್ಮೋರು ಸುಮ್ಮನಿರುತ್ತಾರಾ ನೋಡ್ತಾ ಇರಿ ಎಂದರು. ಮುಖದಲ್ಲಿ ಮಾತ್ರ ಆ ಧೈರ್ಯ ಇರಲಿಲ್ಲ.

ನಮ್ಮೋರು ಸುಮ್ಮನಿರಲಿಲ್ಲ, ಆದರೆ ಹಳೆಯದಕ್ಕೇ ಬಣ್ಣ ಬಳಿಯುತ್ತ ಹೋದರು. ಪ್ರತಿ ವರ್ಷ ಹೊಸ ನಂಬರು, ಒಳಗೆ ಅದೇ ಮೆನು. ರಾಹುಕಾಲದ ಪ್ರೋಗ್ರಾಮು ಓಡುತ್ತಿತ್ತು, ಕೊಬ್ಬರಿ ಮಿಠಾಯಿ ಬರುತ್ತಿತ್ತು, ಹಂಚುವವರ ಕೈಯಲ್ಲಿ ಮೊದಲಿನ ಹುರುಪಿರಲಿಲ್ಲ. ಊರ ತುಂಬ ಜನ ಗಾಜು ಸವರತೊಡಗಿದ್ದರು. ಊದುಬತ್ತಿ ಯಜಮಾನರ ಮಗ, ಎಲ್ಲ ಬದಲಾಯಿಸೋಣ, ಮೆಷೀನೂ ಜನರೂ ಎಂದು ಪಟ್ಟು ಹಿಡಿದ. ಸಾರ್ ಹೋಗಿ ಯಜಮಾನರ ಮುಂದೆ ಕೂತು, ಸ್ವಲ್ಪ ತಾಳಿ, ನಮ್ಮೋರು ದೊಡ್ಡದೊಂದನ್ನು ತರುತ್ತಿದ್ದಾರೆ, ಹಳೆಯದೆಲ್ಲ ಅದರಲ್ಲಿ ಹಾಗೇ ನಡೆಯುತ್ತದೆ, ಯಾರೂ ಮತ್ತೆ ಕಲಿಯಬೇಕಿಲ್ಲ ಎಂದು ಬೇಡಿಕೊಂಡು ಬಂದರು. ಗೋಡೌನಿನ ಬಾಗಿಲಲ್ಲಿ ನರಸಿಂಹಯ್ಯ ಕಾದಿದ್ದರು.

“ಪ್ಯಾಕಿಂಗ್‌ಗೆ ಕೂರಿಸ್ತಾರಂತೆ ಸಾರ್. ನಾನು ಕೂತು ಬದುಕ್ದೋನಲ್ಲ. ಲೈನ್ ಬಿಟ್ರೆ ನನ್ನ ಯಾರೂ ಹೆಸರಿಟ್ಟು ಕರೆಯೋರಿಲ್ಲ.”

ಸಾರ್ ಅವರ ಭುಜ ತಟ್ಟಿದರು. ಮಾತು ಕೊಟ್ಟಾಗಿತ್ತಲ್ಲ.

ದಶಕ ಮುಗಿಯುವ ಹೊತ್ತಿಗೆ ಕರೆ ಬಂತು. ನಮ್ಮೋರು ಹೊಸ ಸಿಸ್ಟಂ ತೋರಿಸಲು ನಮ್ಮಂಥ ಸಣ್ಣಪುಟ್ಟ ಕಂಪನಿಯವರನ್ನೆಲ್ಲ ಊರಿನ ಆ ತುದಿಯ ದೊಡ್ಡ ಹೋಟೆಲಿಗೆ ಕರೆದಿದ್ದರು. ಸಾರ್ ನನ್ನನ್ನೂ ಕರೆದುಕೊಂಡು ಹೋದರು. ಇಸ್ತ್ರಿ ಮಾಡಿದ ಬಿಳಿ ಶರಟು, ಜೇಬಿನಲ್ಲಿ ಪೆನ್ನು, ಕಡ್ಡಿ, ಕೈಯಲ್ಲಿ ಒಂದು ಚೀಲ ಸೀಬೆಹಣ್ಣು. ಯಾರಿಗೆ ಸಾರ್ ಎಂದರೆ, ಮೊದಲ ಸಲ ನೋಡ್ತಾ ಇದೀವಿ, ಬರಿಗೈಲಿ ಹೋಗಕ್ಕಾಗುತ್ತಾ ಎಂದರು. ಗೇಟಿನಲ್ಲಿ ಸೆಕ್ಯುರಿಟಿಯವರು ಚೀಲವನ್ನು ಒಳಗೆ ಬಿಡಲಿಲ್ಲ. ಆಮೇಲೆ ಕೊಟ್ಟರಾಯಿತು ಎಂದು ಅವರ ಮೇಜಿನ ಕೆಳಗೇ ಇಟ್ಟು ಒಳಗೆ ಹೋದೆವು.

ವೇದಿಕೆಯ ಮೇಲೆ ಒಬ್ಬ ಹುಡುಗ, ಕಿವಿಗೆ ಮೈಕು ಸಿಕ್ಕಿಸಿಕೊಂಡು, ಹೊಸ ಸಿಸ್ಟಂ ತೋರಿಸಿದ. ಸುಳ್ಳು ಹೇಳಬಾರದು, ಚೆಂದವಿತ್ತು. ಬಣ್ಣಬಣ್ಣದ ಚೌಕಗಳು, ದೊಡ್ಡ ಅಕ್ಷರ, ಬೆರಳು ಸಾಕು. ಮೂಲೆಯ ಮೆನು ಕಾಣೆಯಾಗಿತ್ತು. ಸಾರ್ ಕುರ್ಚಿಯ ತುದಿಗೆ ಬಂದು ಕೂತಿದ್ದರು. ನಮ್ಮ ಬಿಸ್ಕತ್ತಿನ ಬಟನ್ ಥರಾನೇ ಇದೆ ಕಣಮ್ಮ ಎಂದು ನನ್ನ ಕಿವಿಯಲ್ಲಿ ಹೇಳಿದರು. ಪ್ರಶ್ನೆ ಕೇಳಿ ಎಂದಾಗ ಮೊದಲು ಎದ್ದವರು ಅವರೇ. ಹಳೆಯ ಪ್ರೋಗ್ರಾಮುಗಳು ಇದರಲ್ಲಿ ನಡೆಯುತ್ತವೆ ತಾನೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗ ನಗುನಗುತ್ತ ಇಲ್ಲ ಎಂದ. ಹಳೆಯದರ ಹಂಗಿಲ್ಲದೆ ಎಲ್ಲವನ್ನೂ ಹೊಸದಾಗಿ ಶುರು ಮಾಡಿದ್ದೇವೆ, ನೀವೂ ಹೊಸದಾಗಿ ಬರೆಯಬೇಕು ಎಂದ. ಚಪ್ಪಾಳೆ ಬಿತ್ತು. ಸಾರ್ ಕೂರಲಿಲ್ಲ. ಒಂದು ಚಿಕ್ಕದು, ರಾಹುಕಾಲ ಲೆಕ್ಕ ಹಾಕುವಂಥದು, ಅದೂ ಇಲ್ಲವೇ ಎಂದರು. ಸಭೆ ಗೊಳ್ಳೆಂದಿತು. ವೇದಿಕೆಯ ಹುಡುಗನೂ ನಕ್ಕ, ತಮಾಷೆ ಎಂದೇ ತಿಳಿದಿರಬೇಕು.

ನನಗೆ ಎದ್ದುಹೋಗಿ ಆ ಮೈಕನ್ನು ಕಿತ್ತು ಎರಡು ಮಾತು ಆಡಬೇಕೆನ್ನಿಸಿತು. ಸಾರ್ ನಿಧಾನವಾಗಿ ಕೂತು, ಜೇಬಿನಿಂದ ಕಡ್ಡಿ ತೆಗೆದು ನೋಡಿ, ಮತ್ತೆ ಜೇಬಿನಲ್ಲೇ ಇಟ್ಟರು. ಬರುವಾಗ ಸೀಬೆಹಣ್ಣಿನ ಚೀಲವನ್ನು ಸೆಕ್ಯುರಿಟಿಯವರಿಗೇ ಕೊಟ್ಟರು. ಅವರಲ್ಲೊಬ್ಬ ಅಲ್ಲೇ ಒಂದನ್ನು ಕಚ್ಚಿ, ಸಕ್ಕರೆ ಇದ್ದಂಗದೆ ಯಜಮಾನ್ರೇ ಎಂದ. ಆ ದಿನ ಸಾರ್ ನಕ್ಕದ್ದು ಅದೊಂದೇ ಸಲ.

ವಾಪಸು ವಿಜಯನಗರದ ಬಸ್ಸು ಹತ್ತಿದೆವು. ಮೆಟ್ರೋ ಕಂಬಗಳಿಗೆ ರಸ್ತೆ ಅಗೆದಿದ್ದರಿಂದ ಬಸ್ಸು ನಿಂತು ನಿಂತು ಹೋಗುತ್ತಿತ್ತು. ಕಿಟಕಿಯಾಚೆ ಗುಂಡಿಗಳನ್ನು ನೋಡುತ್ತಿದ್ದ ಸಾರ್ ನನ್ನ ಕಡೆ ತಿರುಗದೆ ಹೇಳಿದರು:

“ಬಿಡಬೇಕಾದಾಗ ಬಿಡಲಿಲ್ಲ ಕಣಮ್ಮ. ಆ ಮೆನು, ಆ ಕಡ್ಡಿ, ಅದನ್ನ ಎಂದೋ ಬಿಡಬೇಕಿತ್ತು. ಅದನ್ನ ಹಿಡ್ಕೊಂಡ್ ಕೂತ್ರು. ಈಗ ಬಿಡಕ್ಕೆ ಶುರು ಮಾಡ್ದೋರು ಜನರನ್ನೂ ಬಿಟ್ಬಿಟ್ರು.”

ನಮ್ಮೋರ ಮೊಬೈಲು ಯಾಕೆ ಸೋತಿತು ಎಂದು ಆಮೇಲೆ ದೊಡ್ಡ ದೊಡ್ಡವರು ಬರೆದದ್ದನ್ನು ಓದಿದ್ದೇನೆ. ತಡವಾಗಿ ಎಚ್ಚೆತ್ತರು, ಪ್ರೋಗ್ರಾಮು ಬರೆಯುವವರನ್ನು ಕಳೆದುಕೊಂಡರು, ಬರೆಯುವವರಿಲ್ಲದೆ ಕೊಳ್ಳುವವರನ್ನೂ ಕಳೆದುಕೊಂಡರು ಎಂದೆಲ್ಲ ಇತ್ತು. ವಿಜಯನಗರದ ಬಸ್ಸಿನಲ್ಲಿ ನಾನು ಕೇಳಿದ್ದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ನನಗೆ ಸಿಗಲಿಲ್ಲ.

ಮರುದಿನವೇ ಸಾರ್ ಬಿನ್ನಿಪೇಟೆಗೆ ಹೋಗಿ, ನಾನು ಹೇಳಿದ್ದು ತಪ್ಪಾಯಿತು ಎಂದು ಯಜಮಾನರ ಮುಂದೆ ಒಪ್ಪಿಕೊಂಡರು. ಒಂದೇ ಒಂದು ಅವಕಾಶ ಕೊಡಿ, ಗಾಜಿನ ಮೊಬೈಲಿನಲ್ಲೇ ಮಾಡಿಕೊಡುತ್ತೇನೆ, ನಿಮ್ಮ ಹಳಬರು ತಡವರಿಸದೆ ಆರ್ಡರು ಹಾಕಿದರೆ ಅವರ ಲೈನು ಅವರಿಗೇ ಬಿಡಿ ಎಂದು ಕೇಳಿದರು. ಯಜಮಾನರು ಒಪ್ಪಿದರು. ಮಗ, ಮೊದಲು ನರಸಿಂಹಯ್ಯನವರಿಂದಲೇ ಹಾಕಿಸಿ ನೋಡೋಣ ಎಂದ.

ನಮ್ಮಲ್ಲಿ ಬೇರೆ ಕಂಪನಿಯ ಆ ಗಾಜಿನ ಮೊಬೈಲಿನ ಸಿಸ್ಟಂ ಗೊತ್ತಿದ್ದದ್ದು ಬಸವರಾಜನಿಗೊಬ್ಬನಿಗೇ. ಸಾರ್ ತಮ್ಮ ಕುರ್ಚಿಯನ್ನು ಅವನ ಪಕ್ಕ ಎಳೆದುಕೊಂಡು, ಹೇಳಿಕೊಡಿ ಮೇಷ್ಟ್ರೇ ಎಂದು ಕೂತರು. ಅವನು ನಾಚಿಕೊಂಡು, ಹಂಗನಬ್ಯಾಡ್ರಿ ಸರ್ ಎಂದು ಎದ್ದು ನಿಂತೇ ಹೇಳಿಕೊಟ್ಟ. ಹೊಸ ಮೊಬೈಲಿಗೆ ಹೊಸ ಚೆಂದದ ಪರದೆ ಮಾಡೋಣ ಎಂದು ನಾನು ಎಷ್ಟೋ ಹೇಳಿದೆ. ಜಪ್ಪಯ್ಯ ಎಂದರೂ ಕೇಳಲಿಲ್ಲ. ಅದೇ ಬಿಸ್ಕತ್ತು, ಅದೇ ಜಾಗ, ಟಕ್ ಎನ್ನುವ ಅದೇ ಸದ್ದು. ಆ ಸದ್ದನ್ನು ಹಳೆಯ ಮೊಬೈಲಿನಿಂದಲೇ ರೆಕಾರ್ಡು ಮಾಡಿ ತುಂಬಿದರು. “ಅವರು ಕಲ್ತಿದ್ದು ಸಾಯಬಾರದು ಕಣಮ್ಮ” ಎಂದರು.

ತೋರಿಸುವ ದಿನ ಗೋಡೌನಿನಲ್ಲಿ ಎಲ್ಲರೂ ಸೇರಿದ್ದರು. ಯಜಮಾನರು, ಅವರ ಮಗ, ಗೋಡೆಗೊರಗಿ ಸೇಲ್ಸ್‌ಮನ್‌ಗಳು. ಸಾರ್ ಹೊಸ ಮೊಬೈಲನ್ನು ನರಸಿಂಹಯ್ಯನವರ ಕೈಗಿಟ್ಟರು. ಅವರು ಪರದೆ ನೋಡಿದರು, ಮುಖ ಅರಳಿತು. ಅದೇ ಅಲ್ವಾ ಸಾರ್ ಎಂದರು. ಅದೇ ಎಂದರು ಸಾರ್. ನರಸಿಂಹಯ್ಯ ಜೇಬಿಗೆ ಕೈ ಹಾಕಿ ಬಿದಿರಿನ ಕಡ್ಡಿ ತೆಗೆದು ‘ಅಂಗಡಿ’ ಎಂಬಲ್ಲಿ ಒತ್ತಿದರು.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿದರು. ಜೋರಾಗಿ ಒತ್ತಿದರು. ಆ ಗಾಜಿಗೆ ಬೇಕಾದದ್ದು ಚರ್ಮದ ಸ್ಪರ್ಶ, ಬಿದಿರು ಅದಕ್ಕೆ ತಿಳಿಯುವುದೇ ಇಲ್ಲ. ಅದು ನಮಗೆಲ್ಲ ಗೊತ್ತಿತ್ತು. ಬಟನ್ನಿನ ಗಾತ್ರ, ಜಾಗ, ಸದ್ದು ಎಲ್ಲವನ್ನೂ ಉಳಿಸಿದ ನಾವು, ನರಸಿಂಹಯ್ಯ ಒತ್ತುವುದು ಕಡ್ಡಿಯಿಂದ ಎಂಬುದನ್ನೇ ಮರೆತಿದ್ದೆವು. ವರ್ಷಗಟ್ಟಲೆ ಆ ಕಡ್ಡಿಯ ಗೀರುಗಳನ್ನು ರಿಪೇರಿ ಮಾಡಿದ ಜನ ನಾವು. ನರಸಿಂಹಯ್ಯ ಕಡ್ಡಿಯ ತುದಿಯನ್ನು ಅಂಗಿಗೆ ಒರೆಸಿ ಮತ್ತೆ ಒತ್ತಿದರು. ಯಜಮಾನರ ಮಗ ಅಪ್ಪನ ಮುಖ ನೋಡಿದ. ಹಿಂದೆ ಯಾರೋ ಕೆಮ್ಮಿದರು.

ಸಾರ್ ಹತ್ತಿರ ಹೋಗಿ ನರಸಿಂಹಯ್ಯನವರ ಕೈಯಿಂದ ಕಡ್ಡಿಯನ್ನು ಮೆಲ್ಲಗೆ ಬಿಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರ ತೋರುಬೆರಳು ಹಿಡಿದರು, ಅಕ್ಷರಾಭ್ಯಾಸದಲ್ಲಿ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿಯುವ ಹಾಗೆ.

“ಮಸಾಲೆ ಅಂಟಿದೆ ಸಾರ್.”

“ಅಂಟಿದ್ರೆ ಅಂಟಲಿ. ಘಮ್ ಅನ್ನುತ್ತೆ, ಒತ್ತಿ.”

ಬೆರಳು ಗಾಜಿಗೆ ತಗುಲಿತು. ಟಕ್ ಎಂದಿತು. ಅಂಗಡಿಗಳು ತೆರೆದುಕೊಂಡವು. ಸಾರ್ ಕೈ ಬಿಟ್ಟರು. ಎಡಗಡೆ ಕೆಳಗೆ ಬತ್ತಿ, ಟಕ್. ಬಲಗಡೆ ಕೆಳಗೆ ಆಯ್ತು, ಟಕ್. ಆಮೇಲಿನದನ್ನು ನರಸಿಂಹಯ್ಯ ಪರದೆಯನ್ನು ನೋಡದೆ ಯಜಮಾನರನ್ನೇ ನೋಡುತ್ತ ಹಾಕಿದರು. ಮಗ ಮೊಬೈಲು ತೆಗೆದುಕೊಂಡು ಆರ್ಡರು ಪರೀಕ್ಷಿಸಿ, ಸರಿ ಇದೆ ಎಂದ. ನನಗೆ ಕಣ್ಣು ತುಂಬಿ ಬಂತು. ಬಸವರಾಜನಂತೂ ಗೋಡೌನಿನ ಮಸಾಲೆ ಧೂಳಿನ ನೆಪ ಹೇಳಿ ಹೊರಗೆ ಹೋದ.

ನರಸಿಂಹಯ್ಯ ನಿವೃತ್ತಿಯ ದಿನದವರೆಗೆ ಮಾಗಡಿ ರೋಡಿನ ಲೈನಿನಲ್ಲೇ ಇದ್ದರು. ನಾವು ಕ್ರಮೇಣ ಒಬ್ಬೊಬ್ಬರಾಗಿ ಬೇರೆ ಕಡೆ ಹೋದೆವು, ಹೋಗುವವರಿಗೆಲ್ಲ ಸಾರ್ ತಾವೇ ಫೋನು ಮಾಡಿ ಕೆಲಸ ಹುಡುಕಿಕೊಟ್ಟರು. ಆಮೇಲೆ ಗಿರಣಿಯ ಮೇಲಿನ ಆಫೀಸು ಮುಚ್ಚಿದರು. ತಮಗೆಂದು ಮಾತ್ರ ನಮ್ಮೋರ ಆ ಹೊಸ ಮೊಬೈಲನ್ನೇ ಕೊಂಡರು. ಜಗತ್ತೆಲ್ಲ ಬಳಸುವ ಆಪುಗಳು ಅದಕ್ಕೆ ಬರುತ್ತಿರಲಿಲ್ಲ. ಬೀಗರ ಗುಂಪಿನಲ್ಲಿ ಬಂದ ಮದುವೆ ಫೋಟೋಗಳನ್ನು ನೋಡಲು ಹೆಂಡತಿಯ ಫೋನು ಇಸಿದುಕೊಳ್ಳುತ್ತಿದ್ದರು. ರಾಹುಕಾಲದ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಅದಕ್ಕೆ ಮತ್ತೆ ಬರೆದಿದ್ದರು. ಕೆಲವು ವರ್ಷಗಳಲ್ಲಿ ನಮ್ಮೋರು ಆ ಸಿಸ್ಟಮ್ಮನ್ನೂ ಕೈಬಿಟ್ಟರು. ನಾನು ಫೋನು ಮಾಡಿ ಕಿಚಾಯಿಸಿದರೆ, ಆಯ್ತಲ್ಲ, ಇನ್ನು ಗೋಡೆ ಕ್ಯಾಲೆಂಡರ್ ನೋಡ್ತೀನಿ, ಅದು ಯಾವತ್ತೂ ಸಿಸ್ಟಂ ಬದಲಾಯಿಸಿಲ್ಲ ಎಂದು ನಕ್ಕಿದ್ದರು.

ಹನ್ನೊಂದನೇ ದಿನದ ತಿಥಿಗೆ ಮಲ್ಲತ್ತಹಳ್ಳಿಗೆ ಹೋಗಿದ್ದೆ. ಕೊಟ್ಟಿಗೆ ಹಾಗೇ ಇತ್ತು, ಗೋದಲಿಯಲ್ಲಿ ಅವರ ಹೆಲ್ಮೆಟ್ಟು. ಫೋಟೋದ ಮುಂದೆ ಎಡೆ ಇಟ್ಟಿದ್ದರು. ಮುದ್ದೆ, ಅವರೆಕಾಳು ಸಾರು, ಕೊಬ್ಬರಿ ಮಿಠಾಯಿ, ಸೀಬೆಹಣ್ಣು. ಪಕ್ಕದಲ್ಲಿ ಕನ್ನಡಕ, ಪೆನ್ನು, ಸತ್ತು ಹೋದ ಆ ಮೊಬೈಲು, ಮತ್ತೆ ಒಂದು ಬಿದಿರು ಕಡ್ಡಿ. ತುದಿ ಸವೆದು ಕಪ್ಪಾಗಿತ್ತು.

ನರಸಿಂಹಯ್ಯನವರೂ ಬಂದಿದ್ದರು. ಬೆನ್ನು ಬಾಗಿತ್ತು, ಮೊಮ್ಮಗಳು ಕೈ ಹಿಡಿದು ಕರೆತಂದಿದ್ದಳು. ತಾವು ತಂದಿದ್ದ ಊದುಬತ್ತಿ ಹಚ್ಚಿ ಸಿಕ್ಕಿಸಿ, ಎಡೆಯ ಕಡೆ ನೋಡಿ ಹಾಗೇ ನಿಂತುಬಿಟ್ಟರು. ಸಾರ್ ಮಗಳು ಅದನ್ನು ಗಮನಿಸಿ ಹೇಳಿದಳು:

“ಆ ಕಡ್ಡಿ ಅಪ್ಪನ ಜೇಬಲ್ಲೇ ಇರ್ತಿತ್ತು ತಾತ. ಶರ್ಟ್ ಒಗೆಯಕ್ಕೆ ಹಾಕೋವಾಗ್ಲೆಲ್ಲ ತೆಗೆದು ಇನ್ನೊಂದು ಶರ್ಟಿಗೆ ಹಾಕ್ಕೊಳೋರು. ಯಾತಕ್ಕೆ ಅಂತ ಹೇಳ್ಲೇ ಇಲ್ಲ.”

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನರಸಿಂಹಯ್ಯ ಬಗ್ಗಿ ಆ ಕಡ್ಡಿಯನ್ನು ಎತ್ತಿಕೊಂಡರು.

“ನಂದು ಕಣವ್ವ. ನಿಮ್ಮಪ್ಪ ಇಸ್ಕೊಂಡು ಬೆರಳು ಕೊಟ್ರು.”

ಕಡ್ಡಿಯನ್ನು ಕಣ್ಣಿಗೆ ಒತ್ತಿಕೊಂಡು, ಅದಿದ್ದ ಜಾಗದಲ್ಲೇ, ಪೆನ್ನಿನ ಪಕ್ಕ ಇಟ್ಟರು.